ಗೋಡೆಗೆ ಹಚ್ಚಿದ ಕುಂಕುಮ

ಮಲ್ಲಿಪಟ್ಟಣ
11 ಜೂನ್ 2025

ಶ್ರೀ ಅರುಣ್‌ಕುಮಾರ್ ಅವರಿಗೆ,

ನಮಸ್ಕಾರ. ಹದಿನೇಳು ಸಲ ಫೋನ್ ಮಾಡಿದ್ದೇನೆ. ಮೊದಲು ರಿಂಗಾದರೂ ಆಗುತ್ತಿತ್ತು, ನಿನ್ನೆಯಿಂದ ಅದೂ ಇಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ ಎಂದು ತಿಳಿಯಲು ಡಾಕ್ಟರಿಕೆ ಓದಬೇಕಾಗಿಲ್ಲ. ಅದಕ್ಕೇ ಈ ಸ್ಪೀಡ್ ಪೋಸ್ಟು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ.

ನಾನು ಶೋಭಿತಾ. ಇಲ್ಲಿಯ ದನದ ಆಸ್ಪತ್ರೆಯ ಡಾಕ್ಟರು. ಮಾರ್ಚಿನಲ್ಲಿ ನಿಮ್ಮ ತಂದೆ ರಂಗಸ್ವಾಮಿ ಗೌಡರ ಮನೆಯನ್ನು ನಿಮ್ಮಿಂದ ಕ್ರಯಕ್ಕೆ ತೆಗೆದುಕೊಂಡವಳು. ಹಾಸನದ ನಿಮ್ಮ ಗ್ರಾನೈಟ್ ಅಂಗಡಿಯಲ್ಲಿ ಕಾಫಿ ಕೊಡಿಸಿ, "ಏನೇ ತೊಂದರೆಯಾದರೂ ಒಂದು ಫೋನ್ ಹಾಕಿ ಮೇಡಂ" ಎಂದಿದ್ದಿರಿ. ತೊಂದರೆ ಆಗಿದೆ.

ಅಡುಗೆಮನೆ ಪಕ್ಕದ ಉಗ್ರಾಣಕ್ಕೆ ಹಗಲಲ್ಲೂ ದೀಪ ಹಾಕಿಕೊಂಡೇ ಹೋಗಬೇಕು. ಒಂದು ಕಿಟಕಿ ಇಡಿಸೋಣವೆಂದು ಗಾರೆ ಕೆಲಸದ ಸಿದ್ದೇಶನನ್ನು ಕರೆಸಿದೆ. ಪಡುವಣ ಗೋಡೆಗೆ ನಾಲ್ಕೇಟು ಹಾಕಿದವನು ಹಾರೆ ಕೆಳಗಿಟ್ಟು, "ಮೇಡಮ್ಮಾ, ಇದು ಟೊಳ್ಳು ಕಣ್ರಮ್ಮ. ಇದರ ಇಂದ್ಗಡೆ ಇನ್ನೊಂದು ಗ್ವಾಡೆ ಐತೆ" ಎಂದ. ಎರಡು ಗೋಡೆಗಳ ನಡುವೆ ಒಂದು ಮೊಳದಷ್ಟು ಜಾಗ. ಅದರಲ್ಲಿ ಗೋಣಿತಾಟು, ಗೋಣಿತಾಟಿನೊಳಗೆ ಕಂಬಳಿ, ಕಂಬಳಿಯೊಳಗೆ ಕೋವಿ. ಹರಳೆಣ್ಣೆ ಬಳಿದು ಮಗುವಿನಂತೆ ಸುತ್ತಿ ನಿಲ್ಲಿಸಿದ್ದಾರೆ. ಒಂಟಿ ನಳಿಗೆ. ಮರದ ಹಿಡಿ ಸೀಳಿದ್ದು, ತಾಮ್ರದ ತಂತಿ ಬಿಗಿದಿದ್ದಾರೆ.

ಅವತ್ತೇ ಠಾಣೆಗೆ ಫೋನ್ ಮಾಡಿದೆ. ಸರ್ಕಾರಿ ಕೆಲಸದವಳು ನಾನು, ಬೇರೇನು ಮಾಡಲಿ? ಸಬ್ ಇನ್‌ಸ್ಪೆಕ್ಟರ್ ರುದ್ರೇಶ ಎಂಬುವರು ಬಂದು ಮಹಜರು ಬರೆದುಕೊಂಡರು. "ಯಾರ ಕೋವಿ ಮೇಡಂ ಇದು?" ಎಂದರು. ಗೊತ್ತಿಲ್ಲ ಎಂದೆ. "ಮನೆ ಯಾರ್ದು?" ನನ್ನದು ಎಂದೆ. "ಅಂಗಾದ್ರೆ ಕೋವಿನೂ ನಿಮ್ದೇ ಆಯ್ತಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ವಾರದಲ್ಲಿ ಮೂರು ಸಲ ಠಾಣೆಗೆ ಹೋಗಿ ಬಂದಿದ್ದೇನೆ. ಇಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದರೆ ನಾನು ಅಲ್ಲಿ ಬೆಂಚಿನ ಮೇಲೆ ಕೂತು ಫ್ಯಾನ್ ನೋಡುತ್ತಿರುತ್ತೇನೆ.

ನಾನು ಕೇಳುವುದು ಇಷ್ಟೇ. ನಿಮ್ಮ ತಂದೆಯವರಿಗೆ ಬಂದೂಕಿನ ಲೈಸೆನ್ಸ್ ಇತ್ತೇ? ಇದ್ದರೆ ಅದರ ಪುಸ್ತಕದ ಒಂದು ಜೆರಾಕ್ಸ್ ಕಳಿಸಿ. ಕೋವಿ ನಮ್ಮದು ಎಂದು ಒಂದು ಸಾಲು ಬರೆಯಿರಿ. ನನ್ನ ಪಾಡಿಗೆ ನಾನು ಕಿಟಕಿ ಇಡಿಸಿಕೊಳ್ಳುತ್ತೇನೆ.

ಇಂತಿ,
ಶೋಭಿತಾ

ಹಾಸನ
24 ಜೂನ್ 2025

ಶ್ರೀಮತಿ ಶೋಭಿತಾ ಮೇಡಂ ಅವರಿಗೆ,

ತಮ್ಮ ಪತ್ರ ತಲುಪಿತು. ಕೆಲಸದ ಒತ್ತಡದಲ್ಲಿ ಫೋನ್ ಎತ್ತಲಾಗಿಲ್ಲ, ತಪ್ಪು ತಿಳಿಯಬಾರದು.

ನಮ್ಮ ವಕೀಲರಾದ ಷಡಕ್ಷರಿಯವರಿಗೆ ಪತ್ರ ತೋರಿಸಿದೆ. ಕ್ರಯಪತ್ರದ ನಾಲ್ಕನೇ ಪುಟ ನೋಡಬೇಕಾಗಿ ವಿನಂತಿ. "ಸದರಿ ಸ್ವತ್ತಿನ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗ ಹಕ್ಕುಗಳ ಸಮೇತ" ತಮಗೆ ಕ್ರಯ ಮಾಡಿಕೊಟ್ಟಿದ್ದೇವೆ. ಅಂದರೆ ಗೋಡೆಯೊಳಗೆ, ನೆಲದೊಳಗೆ ಏನೇ ಸಿಕ್ಕರೂ ಅದು ತಮ್ಮದೇ. ಚಿನ್ನ ಸಿಕ್ಕಿದ್ದರೆ ನಮಗೆ ಪತ್ರ ಬರೆಯುತ್ತಿದ್ದಿರಾ ಮೇಡಂ?

ನಮ್ಮ ತಂದೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಕೋವಿಯ ವಿಚಾರ ನನಗಾಗಲಿ ನಮ್ಮ ಮನೆಯವರಿಗಾಗಲಿ ತಿಳಿದಿಲ್ಲ. ಲೈಸೆನ್ಸ್ ಪುಸ್ತಕವೂ ಇಲ್ಲ.

ಒಂದು ಮಾತು, ಅಣ್ಣನ ಸ್ಥಾನದಲ್ಲಿ ನಿಂತು ಹೇಳುತ್ತಿದ್ದೇನೆ. ತಾವು ಪೊಲೀಸರವರೆಗೆ ಹೋಗಬಾರದಿತ್ತು. ಊರ ಹಿಂದೆ ನಾಲೆ ಇದೆ, ತುಂಬಿ ಹರಿಯುತ್ತಿದೆ. ಓದಿದವರಿಗೆ ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮ ವಿಶ್ವಾಸಿ,
ಅರುಣ್‌ಕುಮಾರ್ ಎಂ. ಆರ್.

ಮಲ್ಲಿಪಟ್ಟಣ
2 ಜುಲೈ 2025

ಅರುಣ್‌ಕುಮಾರ್ ಅವರಿಗೆ,

ನಿಮಗೆ ತಿಳಿದಿಲ್ಲ. ನಿಮ್ಮ ಮನೆಯವರಿಗೂ ತಿಳಿದಿಲ್ಲ. ಸರಿ.

ಹಾಗಾದರೆ ಆ ಗೋಡೆಗೆ ಕುಂಕುಮ ಹಚ್ಚಿದವರು ಯಾರು? ಅದೇ ಪಡುವಣ ಗೋಡೆ, ಎದೆಮಟ್ಟದಲ್ಲಿ. ಬರೀ ಗೋಡೆ. ಅಲ್ಲೊಂದು ಮೊಳೆಯಿಲ್ಲ, ಪಟವಿಲ್ಲ. ಎರಡು ಸಲ ಪೇಂಟ್ ಹೊಡೆಸಿದೆ, ಎರಡು ಸಲವೂ ಕೆಂಪು ಮೇಲೆದ್ದು ಬಂತು. ಕೆರೆದು ನೋಡಿದರೆ ಪದರದ ಮೇಲೆ ಪದರ, ಕುಂಕುಮ, ಅರಿಶಿನ, ಊದುಬತ್ತಿಯ ಮಸಿ. "ಇದು ಒಂದ್ ವರ್ಷದ್ದಲ್ಲ ಕಣಮ್ಮ, ಆಯುಧಪೂಜೆ ಆಯುಧಪೂಜೆಗೂ ಅಚ್ಚವ್ರೆ" ಎಂದ ಸಿದ್ದೇಶ. ನೀವು ಮನೆ ಮಾರಿದ್ದು ಈ ಮಾರ್ಚಿನಲ್ಲಿ. ನಾನು ಪೇಂಟ್ ಹೊಡೆಸುವ ಮುಂಚೆ ಮೇಲಿನ ಪದರ ಇನ್ನೂ ಕೈಗೆ ಹತ್ತುತ್ತಿತ್ತು.

ಇನ್ನು ಮುಂದಿನದನ್ನು ಕೂತು ಓದಿ. ನಾನು ನಿಂತುಕೊಂಡೇ ಬರೆಯುತ್ತಿದ್ದೇನೆ, ಕೂರಲು ಆಗುತ್ತಿಲ್ಲ.

ರುದ್ರೇಶ ಅವರು ನಳಿಗೆಗೆ ಸೀಮೆಎಣ್ಣೆ ಹಾಕಿ ಒರೆಸಿ ನಂಬರ್ ಓದಿದರು. ಹಳೆಯ ಕಡತ ತೆಗೆಸಿದರು. 1994ರ ನವೆಂಬರ್, ವಿಧಾನಸಭೆ ಚುನಾವಣೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸ್ ತರಬೇಕು. ನಿಮ್ಮ ತಂದೆ ಕೊಟ್ಟ ದೂರು ಆ ಕಡತದಲ್ಲಿದೆ. "ಠಾಣೆಗೆ ಒಪ್ಪಿಸಿ ರಸೀದಿ ತರುವಂತೆ ನಮ್ಮ ಮನೆಯ ಆಳಿನ ಕೈಲಿ ಕೋವಿ ಕೊಟ್ಟು ಕಳಿಸಿದೆ. ಆತ ತಲುಪಿಸದೆ ಎಲ್ಲಿಯೋ ಸಾಗಿಸಿರುತ್ತಾನೆ." ಅದರ ಕೆಳಗೆ: "ಆರೋಪಿ, ಮಂಚಯ್ಯ ಬಿನ್ ಕಾಳಯ್ಯ, ಕೂಲಿ, 36 ವರ್ಷ."

ಈ ಮಂಚಯ್ಯ ನನ್ನ ಅಪ್ಪ.

ನಿಮಗೇನೂ ಹೊಸ ಸಮಾಚಾರವಲ್ಲ ಬಿಡಿ. ಕ್ರಯಪತ್ರದಲ್ಲಿ ನನ್ನ ಹೆಸರಿನ ಮುಂದೆಯೇ ಮಂಚಯ್ಯನವರ ಮಗಳು ಎಂದಿದೆ, ಓದಿಯೇ ಸಹಿ ಹಾಕಿದ್ದೀರಿ. ಹೊಸದಾಗಿದ್ದು ನನಗೆ. ಅಪ್ಪ ನಿಮ್ಮ ಮನೆಯಲ್ಲಿ ದುಡಿಯುತ್ತಿದ್ದರೆಂದು ಗೊತ್ತಿತ್ತು. ಆ ಮನೆಯನ್ನೇ ಕೊಂಡರೆ ಅಪ್ಪನಿಗೆ ಹೆಮ್ಮೆಯಾಗುತ್ತದೆ ಎಂದುಕೊಂಡಿದ್ದೆ, ನನ್ನ ದಡ್ಡತನಕ್ಕೆ ಏನನ್ನಲಿ. ಗೃಹಪ್ರವೇಶಕ್ಕೆ ಬರಲಿಲ್ಲ. ಮಂಡಿ ನೋವು ಎಂದರು. ನನಗೆ ಎಂಟು ವರ್ಷವಿದ್ದಾಗ ಊರು ಬಿಟ್ಟೆವು. ಯಾಕೆಂದು ಯಾರೂ ಹೇಳಲಿಲ್ಲ. ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ತೆಂಗಿನಕಾಯಿ ಸುಲಿದರು, ಅದೂ ಎಡಗೈ ಬಲದಲ್ಲಿ. ಬಲಗೈ ಯಾಕೆ ಮೇಲಕ್ಕೇಳುವುದಿಲ್ಲ ಎಂದು ಕೇಳಿದರೆ "ಮರದಿಂದ ಬಿದ್ದೆ ಕಣ್ ಮಗಾ" ಎನ್ನುತ್ತಿದ್ದರು.

ಭಾನುವಾರ ಹೋಗಿದ್ದೆ. ಅವ್ವನನ್ನು ಹಿಡಿದು ಕೂರಿಸಿ ಕೇಳಿದೆ. "ಸ್ಟೇಸನ್ನಲ್ಲಿ ಮೂರು ದಿನ ಮಡಿಕಂಡಿದ್ರು ಕಣವ್ವ. ಬಂದಾಗ ತುತ್ತು ನಾನೇ ಬಾಯಿಗಿಟ್ಟೆ. ನೀರುಗಂಟಿ ಕೆಲಸಕ್ಕೆ ಎಸ್ರು ಓಗಿತ್ತು, ಸಾಹೇಬ್ರು ಒಪ್ಪಿದ್ರು. ಕಳ್ಳನ ಕೈಗೆ ನಾಲೆ ತೂಬು ಯಾರು ಕೊಟ್ಟಾರು ಅಂತ ಅದ್ನೂ ಕಿತ್ಕಂಡ್ರು" ಎಂದಳು. ಕೋವಿ ಸಿಕ್ಕಿತು ಎಂದಾಗ ಅಪ್ಪ ಒಂದೇ ಒಂದು ಮಾತು ಕೇಳಿದರು: "ಗ್ವಾಡೆ ಪೂರಾ ಕೆಡವ್ಬುಟ್ರಾ?"

ಈಗ ನನ್ನ ಸಂಕಟ ಕೇಳಿ. ಯಾರೂ ಏನೂ ಬರೆದುಕೊಡದೆ ಹೋದರೆ ರುದ್ರೇಶ ಅವರು ಮೇಲಕ್ಕೆ ಕಳಿಸುವ ವರದಿ ಏನು ಗೊತ್ತೇ? "ಕಳುವಾದ ಕೋವಿ ಆರೋಪಿಯ ಮಗಳ ಮನೆಯಲ್ಲಿ ಪತ್ತೆ." ಸುಳ್ಳು ಒಂದಕ್ಷರವೂ ಇಲ್ಲ! ಮೂವತ್ತೊಂದು ವರ್ಷ ಗುಮಾನಿಯಲ್ಲಿದ್ದ ಅಪ್ಪ ನನ್ನ ದೆಸೆಯಿಂದ ಪಕ್ಕಾ ಕಳ್ಳನಾಗುತ್ತಾರೆ. ಯೋಚಿಸಿದರೆ ತಲೆ ಸಿಡಿಯುತ್ತದೆ. ಆ ಗೋಡೆಗೆ ಕೈ ಹಚ್ಚಿದ್ದೂ ನಾನೇ, ಪೊಲೀಸರನ್ನು ಕರೆದದ್ದೂ ನಾನೇ.

ಲೈಸೆನ್ಸಿನ ಮಾತು ಬಿಟ್ಟೆ. ಕೋವಿ ಆ ಮನೆಯ ಹೊಸಿಲು ದಾಟಲೇ ಇಲ್ಲ, ಮಂಚಯ್ಯ ಕದಿಯಲಿಲ್ಲ ಎಂದು ನಿಮ್ಮ ಮನೆಯವರೊಬ್ಬರು ಬರೆದು ಸಹಿ ಹಾಕಿ ಕೊಡಬೇಕು. ಅಷ್ಟು ಸಿಕ್ಕರೆ ಹಳೆಯ ಕಡತಕ್ಕೆ ಸೇರಿಸಿ ಕೋರ್ಟಿಗೆ ಕಳಿಸುತ್ತೇನೆ ಎಂದಿದ್ದಾರೆ ರುದ್ರೇಶ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ನಿಮ್ಮ ತಾಯಿಯವರಿಗೇ ಬರೆಯುತ್ತೇನೆ.

ಶೋಭಿತಾ, ಮಂಚಯ್ಯನವರ ಮಗಳು

ಹಾಸನ
15 ಜುಲೈ 2025

ಮೇಡಂ,

ನಮ್ಮ ತಾಯಿಗೆ ಎಪ್ಪತ್ತೊಂಬತ್ತು. ಬಿ.ಪಿ. ಇದೆ. ಹೊಳೆನರಸೀಪುರದಲ್ಲಿ ನಮ್ಮ ತಂಗಿ ಆಶಾರಾಣಿ ಮನೆಯಲ್ಲಿ ನೆಮ್ಮದಿಯಾಗಿದ್ದಾರೆ. ಅವರಿಗೆ ಇದನ್ನೆಲ್ಲ ಬರೆದು ಏನಾದರೂ ಹೆಚ್ಚುಕಮ್ಮಿಯಾದರೆ ಜವಾಬ್ದಾರಿ ತಮ್ಮದು.

1994ರ ಮಾತು. ದೂರು ಕೊಟ್ಟವರೂ ಇಲ್ಲ, ಬರೆದುಕೊಂಡವರೂ ಇಲ್ಲ. ಯಾವುದೋ ಗೊಂದಲದಲ್ಲಿ ಹಾಗಾಗಿರಬಹುದು. ಈಗ ನಾನು ನಮ್ಮ ತಂದೆ ಸುಳ್ಳು ದೂರು ಕೊಟ್ಟರೆಂದು ಬರೆದುಕೊಟ್ಟರೆ ಊರಲ್ಲಿ ನಮ್ಮ ಮನೆತನದ ಗತಿ ಏನು? ಅವರು ಸೊಸೈಟಿ ಅಧ್ಯಕ್ಷರಾಗಿದ್ದವರು. ಶಾಲೆಗೆ ಜಾಗ ಕೊಟ್ಟವರು. ಶಾಲೆಯ ಗೋಡೆಯ ಮೇಲೆ ಅವರ ಹೆಸರಿದೆ.

ಮಂಚಣ್ಣನ ಮೇಲೆ ನಮಗೂ ವಿಶ್ವಾಸವಿದೆ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಒಂದು ಕೆಲಸ ಮಾಡೋಣ. ಆಷಾಢ ಕಳೆಯಲಿ, ಒಂದು ಒಳ್ಳೆಯ ದಿನ ನೋಡಿ ಚನ್ನರಾಯಪಟ್ಟಣಕ್ಕೆ ನಾನೇ ಬಂದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣು ಕೊಟ್ಟು ಸನ್ಮಾನ ಮಾಡುತ್ತೇನೆ. ಫೋಟೋ ತೆಗೆಸಿ ಪೇಪರಿಗೂ ಹಾಕಿಸೋಣ. ಬರೆದುಕೊಡುವುದು ಮಾತ್ರ ಆಗುವುದಿಲ್ಲ.

ಅರುಣ್‌ಕುಮಾರ್

ಮಲ್ಲಿಪಟ್ಟಣ
20 ಜುಲೈ 2025

ಪುಟ್ಟತಾಯಮ್ಮನವರಿಗೆ,

ನಮಸ್ಕಾರ. ನಾನು ನಿಮ್ಮ ಆಳು ಮಂಚನ ಮಗಳು ಶೋಭಿತಾ. ನಿಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಅವ್ವನ ಸೆರಗು ಹಿಡಿದು ರೊಟ್ಟಿ ಈಸಿಕೊಂಡವಳು. ಎರಡು ಜಡೆ, ಮೂಗಿನಲ್ಲಿ ಸದಾ ನೆಗಡಿ. ನೆನಪಾದರೂ ಆಗಬಹುದು. ಈಗ ದನದ ಡಾಕ್ಟರಾಗಿದ್ದೇನೆ, ಆ ಮನೆಯಲ್ಲಿದ್ದೇನೆ.

ನಿಮಗೆ ಬರೆಯಬೇಡಿ ಎಂದು ನಿಮ್ಮ ಮಗ ಹೇಳಿದ್ದಾರೆ. ನಿಮಗೆ ಏನಾದರೂ ಆದರೆ ನನ್ನ ಮೇಲೆ ಬರುತ್ತದಂತೆ. ನಮ್ಮ ಅಪ್ಪನಿಗೆ ಆದದ್ದು ಯಾರ ಮೇಲೂ ಬರಲಿಲ್ಲವಲ್ಲಮ್ಮ, ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಉಗ್ರಾಣದ ಗೋಡೆಯಲ್ಲಿ ಕೋವಿ ಸಿಕ್ಕಿದೆ. ಆ ಗೋಡೆಗೆ ಕುಂಕುಮ ಹಚ್ಚಿದ್ದು ನೀವೇ ಎಂದು ನನಗೆ ಅನ್ನಿಸುತ್ತದೆ. ಗೌಡರು ಹೋದ ಮೇಲೂ ಹಚ್ಚಿದ್ದೀರಿ. ಮುಖಾಮುಖಿ ಕೇಳೋಣವೆಂದು ಎರಡು ಸಲ ಹೊಳೆನರಸೀಪುರಕ್ಕೆ ಬಂದೆ. ಒಂದು ಸಲ ನೀವು ಮಲಗಿದ್ದೀರಿ ಎಂದರು, ಇನ್ನೊಂದು ಸಲ ದೇವಸ್ಥಾನಕ್ಕೆ ಹೋಗಿದ್ದೀರಿ ಎಂದರು. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ಬಂದ ಸಿಟ್ಟಿಗೆ ಆ ಚಪ್ಪಲಿ ಎತ್ತಿಕೊಂಡು ಬಂದುಬಿಡಲೇ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನನಗೆ ಶಾಲು ಬೇಡ, ಹಣ್ಣು ಬೇಡ. ಅಪ್ಪ ಕಳ್ಳನಲ್ಲ ಎಂದು ಒಂದು ಕಾಗದ ಬೇಕು. ಅದನ್ನು ಕೊಡಬಲ್ಲವರು ಭೂಮಿಯ ಮೇಲೆ ಈಗ ನೀವೊಬ್ಬರೇ. ನನ್ನ ವಿಳಾಸ ಬರೆದು, ಸ್ಟಾಂಪು ಹಚ್ಚಿದ ಕವರು ಇದರೊಳಗೇ ಇಟ್ಟಿದ್ದೇನೆ.

ಶೋಭಿತಾ

ಹೊಳೆನರಸೀಪುರ
18 ಆಗಸ್ಟ್ 2025

ಶೋಭಿತಾಗೆ ಪುಟ್ಟತಾಯಮ್ಮ ಮಾಡುವ ಆಶೀರ್ವಾದಗಳು. ಆಶೀರ್ವಾದ ಮಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಬೇರೆ ಥರ ಶುರುಮಾಡಲು ನನಗೆ ಬರುವುದಿಲ್ಲ.

ನಿನ್ನ ಕಾಗದ ನನ್ನ ಕೈಗೆ ಸಿಕ್ಕಿದ್ದು ಮೊನ್ನೆ. ಆಶಾ ಅದನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದಳು. ಅಣ್ಣನ ಅಪ್ಪಣೆಯಂತೆ. ಅವಳು ಮದುವೆಗೆ ಹೋಗಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಸರಿಮಾಡಿಕೊಂಡು ಓದಿಕೋ.

ಆ ಕೋವಿ ನಮ್ಮ ಮಾವನವರದು. ಕಾಡಂದಿ ಹೊಡೆಯಲು ಇಟ್ಟುಕೊಂಡಿದ್ದು. ಇವರಿಗೆ ಅದು ಅಪ್ಪನ ಲೆಕ್ಕವೇ. ಹಿಂದಿನ ಎಲೆಕ್ಷನ್ನಿನಲ್ಲಿ ಠಾಣೆಗೆ ಕೊಟ್ಟಾಗ ಹಿಡಿ ಸೀಳಿ ವಾಪಸ್ ಬಂತು. ಊರೂರಿನ ಕೋವಿಗಳನ್ನೆಲ್ಲ ಸೌದೆ ಒಟ್ಟಿದಂತೆ ಒಟ್ಟಿದ್ದರಂತೆ. ಇವರು ಎರಡು ದಿನ ಊಟ ಬಿಟ್ಟರು. ಠಾಣೆಗೆ ಇವರು ಹೋಗುತ್ತಿರಲಿಲ್ಲ, ಸಾಲಿನಲ್ಲಿ ನಿಲ್ಲುವುದು ಅವಮಾನ ಇವರಿಗೆ. ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋಗುವವನು, ರಸೀದಿ ತರುವವನು ನಿಮ್ಮಪ್ಪನೇ.

ತೊಂಬತ್ನಾಲ್ಕನೇ ಇಸವಿಯಲ್ಲಿ "ಈ ಸಲ ಕೊಡಾಕಿಲ್ಲ ಕಣೇ, ಎಲೆಕ್ಷನ್ ಮುಗಿಯೋಗಂಟ ಗ್ವಾಡೇಲಿರ್ಲಿ" ಅಂದರು. ಇವರೇ ಗೋಡೆ ಕಟ್ಟಿ ಮುಚ್ಚಿದರು. ನಾನು ಬಾಗಿಲಲ್ಲಿ ಕಾವಲು ನಿಂತಿದ್ದೆ. ಒಂದು ತಿಂಗಳ ಮಾತು ಅಂದುಕೊಂಡಿದ್ದೆವು. ಠಾಣೆಯವನು ಪಟ್ಟಿ ಹಿಡಿದು ಬಂದ. ಜಗಲಿಯ ಮೇಲೆ ಹತ್ತು ಜನ ಕೂತಿದ್ದಾರೆ, ಅವರ ಮುಂದೆ "ಎಲ್ಲಾರ್ದೂ ಬಂತು, ನಿಮ್ದೆಲ್ಲಿ ಗೌಡ್ರೇ?" ಅಂದ. "ಮಂಚನ ಕೈಲಿ ಕೊಟ್ಟು ಕಳಿಸಿದ್ನಲ್ಲ, ತಲುಪ್ನಿಲ್ವಾ?" ಅಂದುಬಿಟ್ಟರು. ಬಾಯಿಗೆ ಬಂದದ್ದು ಆಡಿದರು. ಆಡಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ಕೋವಿ ತೆಗೆದರೆ ಸುಳ್ಳುಗಾರ ಅನ್ನಿಸಿಕೊಳ್ಳಬೇಕು. ತೆಗೆಯಲೇ ಇಲ್ಲ.

ಆಯುಧಪೂಜೆಯ ದಿನ ಆ ಗೋಡೆಯ ಮುಂದೆ ಒಬ್ಬರೇ ಹೋಗಿ ನಿಲ್ಲುತ್ತಿದ್ದರು. ಅವರು ಹೋದ ಮೇಲೆ ನಾನು ಹಚ್ಚಿದೆ. ಯಾಕೆ ಹಚ್ಚಿದೆ ಅಂತ ನನ್ನನ್ನು ಕೇಳಬೇಡ.

ಬೇರೆ ಹಾಳೆಯಲ್ಲಿ ನೀನು ಕೇಳಿದ ಹೇಳಿಕೆ ಬರೆದಿದ್ದೇನೆ. ಸಹಿ ಹಾಕಿದ್ದೇನೆ. ಅರುಣನಿಗೆ ಹೇಳಿಲ್ಲ.

ಪುಟ್ಟತಾಯಮ್ಮ

ಮಲ್ಲಿಪಟ್ಟಣ
31 ಆಗಸ್ಟ್ 2025

ಪುಟ್ಟತಾಯಮ್ಮನವರಿಗೆ,

ನಿಮ್ಮ ಕಾಗದ ಸಿಕ್ಕಿದ ದಿನ ಆಸ್ಪತ್ರೆಯ ಹಿಂದೆ ಹೋಗಿ ಜೋರಾಗಿ ಅತ್ತುಬಿಟ್ಟೆ. ಕಾಂಪೌಂಡರ್ ಬಂದು ಏನಾಯ್ತು ಮೇಡಂ, ಹಸು ಹೋಯಿತಾ ಎಂದು ಕೇಳಿದ. ಇಲ್ಲಪ್ಪ, ಒಂದು ಬದುಕಿಕೊಂಡಿತು ಎಂದೆ.

ನಿಮ್ಮ ಹೇಳಿಕೆಯನ್ನು ಠಾಣೆಗೆ ಕೊಡುವ ಮುಂಚೆ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಕೆಂದು ಚನ್ನರಾಯಪಟ್ಟಣಕ್ಕೆ ಹೋದೆ. ಈ ಕಾಗದ ಕೇಳಿದರೆ ಅಪ್ಪ ಕುಣಿಯುತ್ತಾರೆ, ನನ್ನನ್ನು ತಬ್ಬಿಕೊಳ್ಳುತ್ತಾರೆ ಎಂದೆಲ್ಲ ಬಸ್ಸಿನಲ್ಲಿ ಕೂತು ಕನಸು ಕಂಡಿದ್ದೆ. ಬಾಗಿಲಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. "ಇವರೇ ಗೋಡೆ ಕಟ್ಟಿ ಮುಚ್ಚಿದರು" ಎಂಬಲ್ಲಿಗೆ ಬಂದಾಗ ಅಪ್ಪ ನಕ್ಕರು. ಅಂಥ ನಗೆಯನ್ನು ನಾನು ಅವರ ಮುಖದಲ್ಲಿ ಯಾವತ್ತೂ ನೋಡಿರಲಿಲ್ಲ.

"ಗೌಡ್ರಿಗೆ ಮಣ್ಣು ಕಲ್ಸಾಕೆ ಬತ್ತಿತ್ತಾ?" ಎಂದರು. "ಕಲ್ಸಿದ್ದೂ ನಾನೇ, ಕಟ್ಟಿದ್ದೂ ನಾನೇ ಕಣವ್ವ. ಅಮ್ಮಾರು ಬಾಗ್ಲಲ್ಲಿ ನಿಂತಿದ್ರು. 'ಯಾರ್ ಕೇಳಿದ್ರೂ ಬಾಯ್ಬುಡ್ಬ್ಯಾಡ ಕಣ್ಲಾ ಮಂಚ' ಅಂದ್ರು ಗೌಡ್ರು. 'ಇಲ್ಲ ಬುದ್ದಿ' ಅಂದೆ."

ನನಗೆ ಬಂದ ಕೋಪಕ್ಕೆ ಕಾಗದ ಕೆಳಕ್ಕೆ ಬಿತ್ತು. "ಗೊತ್ತಿತ್ತಾ ನಿಂಗೆ? ಎಲ್ಲಿದೆ ಅಂತ ಗೊತ್ತಿದ್ದೂ ಮೂರು ದಿನ ಒದೆ ತಿಂದ್ಯಾ? ಒಂದು ಮಾತು ಹೇಳಿದ್ರೆ ಬಿಟ್ಟುಬಿಡ್ತಿದ್ರಲ್ಲಪ್ಪ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ನಿಮ್ಮ ಮೇಲಿನ ಸಿಟ್ಟನ್ನೆಲ್ಲ ಆ ಮುದುಕನ ಮೇಲೆ ಸುರಿದೆ. ಅಪ್ಪ ತಲೆ ಬಗ್ಗಿಸಿಕೊಂಡು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ:

"ಮೊದ್ಲುನೇ ದಿನ ಒಡುದ್ರು, ಯೋಳ್ನಿಲ್ಲ. ಎಲ್ಡುನೇ ದಿನ ತಡ್ಕಣಾಕಾಗ್ನಿಲ್ಲ ಮಗಾ, ಯೋಳ್ಬುಡಾನ ಅಂತ ಬಾಯ್ ತೆಗ್ದೆ. ಅಷ್ಟೊತ್ಗೆ ಸ್ಟೇಸನ್ ಬಾಗ್ಲಲ್ಲಿ ಗೌಡ್ರು ಕಂಡ್ರು. ನನ್ನ ಬುಡಿಸ್ಕೊಂಡೋಗಾಕೆ ಬಂದವ್ರೆ ಅನ್ಕಂಡು ಬಾಯ್ ಮುಚ್ಕಂಡೆ. ಅವ್ರು ಬಂದಿದ್ದು ಕಂಪ್ಲೇಂಟಿಗೆ ಸೈನ್ ಆಕಾಕೆ."

ಆಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕಳ್ಳ ಅಂತ ಬರ್ದ್ಮ್ಯಾಲೆ ಕಳ್ಳನ ಮಾತು ಯಾರು ನಂಬ್ತಾರೆ? ಒಡೆಸ್ಕಂಡಿದ್ದು ಮರ್ತೋಗ್ತದೆ ಕಣವ್ವ. ಅವ್ರು ಬಂದ್ರು ಅಂತ ಖುಷಿಯಾಯ್ತಲ್ಲ ನಂಗೆ, ಅದ್ನ ನೆನುಸ್ಕಂಡ್ರೆ ಈಗ್ಲೂ ನಾಚ್ಕೆ ಆಯ್ತದೆ" ಎಂದರು. ನಾನು ಕೊಂಡ ಮನೆಗೆ ಅವರು ಯಾಕೆ ಬರಲಿಲ್ಲ ಎಂದು ಆಗ ತಿಳಿಯಿತು. ನನ್ನ ಮಂಡೆಗಿಷ್ಟು ಬೆಂಕಿ ಹಾಕ.

ಅಮ್ಮಾ, ನಿಮ್ಮ ಹೇಳಿಕೆ ವಾಪಸ್ ಕಳಿಸುತ್ತಿದ್ದೇನೆ. ಅದು ಪೂರಾ ಸುಳ್ಳಲ್ಲ, ಆದರೆ ಅರ್ಧ. ಗೋಡೆ ಕಟ್ಟಿದವನು ಮಂಚಯ್ಯ ಎಂದು ಬರೆಯಿರಿ. ಅದರಿಂದ ಅಪ್ಪನಿಗೆ ತೊಂದರೆಯಾಗುತ್ತದಾ ಎಂದು ರುದ್ರೇಶ ಅವರನ್ನು ಕೇಳಿದೆ. ಯಜಮಾನ ಹೇಳಿದ್ದಕ್ಕೆ ಮಣ್ಣು ಕಲಸಿದ ಕೂಲಿಯ ಮೇಲೆ ಈಗ ಯಾರೂ ಕೇಸು ಹಾಕುವುದಿಲ್ಲ ಎಂದರು. ಎರಡನೇ ದಿನ ಗೌಡರು ಠಾಣೆಗೆ ಹೋಗಿದ್ದು, ಹೋಗಿ ಮಾಡಿದ್ದು, ಅದನ್ನೂ ಬರೆಯಿರಿ. ಅಪ್ಪ ಕಳ್ಳನಲ್ಲ ಎಂದು ಮಾತ್ರ ಗೊತ್ತಾದರೆ ಸಾಲದು. ಅವರು ಏನನ್ನು ಕಾದು ಬಾಯಿ ಮುಚ್ಚಿಕೊಂಡರು ಎನ್ನುವುದೂ ಆ ಕಡತದಲ್ಲಿರಬೇಕು.

ಇದು ನಿಮ್ಮ ವಯಸ್ಸಿಗೆ ಹೆಚ್ಚಿನ ಭಾರ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ.

ಶೋಭಿತಾ

ಹೊಳೆನರಸೀಪುರ
12 ಸೆಪ್ಟೆಂಬರ್ 2025

ಶೋಭಿತಾಗೆ,

ನಿನ್ನೆ, ಬೇಡ ಅಂದರೂ ಕೇಳದೆ, ಆಶಾಳನ್ನು ಜೊತೆ ಮಾಡಿಕೊಂಡು ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಜೀವಮಾನದಲ್ಲಿ ಮೊದಲ ಸಲ ಠಾಣೆ ಮೆಟ್ಟಿಲು ಹತ್ತಿದ್ದು. ಆ ಹುಡುಗ ರುದ್ರೇಶ ಕುರ್ಚಿ ಹಾಕಿದ, ಗಟ್ಟಿಯಾಗಿ ಓದಿ ಹೇಳಿದ, ಸಹಿ ಹಾಕಿಸಿಕೊಂಡ. ನೀನು ಕೇಳಿದ ಎರಡು ಮಾತೂ ಅದರಲ್ಲಿವೆ. ಅರುಣ ಬಂದು ಕೂಗಾಡಿ ಹೋದ. ಅಪ್ಪನ ಹೆಸರು ಕೆಡಿಸಿದೆ, ಇನ್ನು ನಿನ್ನ ಮುಖ ನೋಡುವುದಿಲ್ಲ ಅಂದ. ನೋಡದಿದ್ದರೆ ಬಿಡಲಿ.

ಹಿಂದಿನ ಕಾಗದದಲ್ಲಿ ಗೋಡೆ ಕಟ್ಟಿದ್ದು ಇವರೇ ಅಂತ ಬರೆದದ್ದು ಮರೆತು ಬರೆದದ್ದಲ್ಲ. ಮಂಚನ ಕೈಲೇ ಕಟ್ಟಿಸಿ ಮಂಚನ ಮೇಲೇ ಹೊರಿಸಿದೆವು ಅಂತ ಬರೆಯಲು ಆವಾಗ ಕೈ ಬರಲಿಲ್ಲ.

ನೀನು ಕೇಳದ ಒಂದು ಮಾತಿದೆ. ಠಾಣೆಯವರಿಗೂ ಹೇಳಿದೆ, ಬರೆದುಕೊಂಡರು. ನಿಮ್ಮಪ್ಪನಿಗೆ ಓದಿ ಹೇಳುವುದೋ ಬಿಡುವುದೋ, ಅದು ನಿನಗೆ ಬಿಟ್ಟದ್ದು.

ಆ ಎರಡನೇ ದಿನ ಇವರು ಠಾಣೆಯಿಂದ ಮಧ್ಯಾಹ್ನ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತರು. "ಮಂಚ ನನ್ನ ಕಂಡ್ತಲೇ ಎದ್ದು ಕೈ ಮುಗುದ ಕಣೇ. ಬುಡಿಸ್ಕಳಾಕೆ ಬಂದೆ ಅನ್ಕಂಡ" ಅಂದರು. ಬಿಸಿ ಮುದ್ದೆ ಇತ್ತು, ಅವರೇಕಾಳಿನ ಸಾರು ಇತ್ತು. ಬಡಿಸಿದೆ. ಇವರು ಉಂಡರು. ಆಮೇಲೆ ನಾನೂ ಉಂಡೆ.

ಪುಟ್ಟತಾಯಮ್ಮ